ಅಂಚಿನಲ್ಲಿ ನಿಂತವಳು

"ಕೈ ತೋರಿಸು," ಅಂದಳು ಚೆಕಿಂಗಮ್ಮ. "ಒಂದಲ್ಲ ಕಣೇ, ಎರಡೂ."

ತಂಗಿಯ ಮಗಳು ಎರಡೂ ಅಂಗೈ ಚಾಚಿದಳು. ಚೆಕಿಂಗಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅಂಗೈ ನೋಡಿದಳು, ಬೆರಳ ಸಂದಿ ನೋಡಿದಳು, ಕೊನೆಗೆ ಹುಡುಗಿಯ ಮುಖ ನೋಡಿದಳು. ಆಮೇಲೆ ಮಡಿಲಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಯಿಂದ ಸಿಡಿಯನ್ನು ಬಿಡಿಸಿ, ಬಿಸಿ ದೋಸೆಕಲ್ಲು ಹಿಡಿದವರ ಹಾಗೆ ಅಂಚನ್ನಷ್ಟೇ ಹಿಡಿದು, ಲ್ಯಾಪ್‌ಟಾಪಿಗೆ ತಗುಲಿಸಿದ್ದ ಪುಟ್ಟ ಡ್ರೈವಿನ ಬಾಯಿಗೆ ತಾನೇ ಇಟ್ಟಳು.

"ನಾನು ಹಾಕ್ತಿದ್ನಲ್ಲ ದೊಡ್ಡಮ್ಮ."

"ನೀನು ಹಾಕ್ತೀಯ. ಹಾಕುವಾಗ ಒಂದು ಗೀಚು ಗೀಚಿ, 'ಅಯ್ಯೋ ಕೆಟ್ಟೋಗಿದೆ ದೊಡ್ಡಮ್ಮ' ಅಂತೀಯ. ನಿಮ್ಮಮ್ಮ ಹೇಳಿಕೊಟ್ಟಿರ್ತಾಳೆ."

ಹುಡುಗಿ ನಕ್ಕಳು. ಆ ನಗುವನ್ನೂ ಚೆಕಿಂಗಮ್ಮ ನಂಬಲಿಲ್ಲ. ಯಾರು ನಕ್ಕರೂ ಅದರ ಹಿಂದೆ ಒಂದು ಟಿಕೆಟ್ಟಿಲ್ಲದ ಪ್ರಯಾಣ ಇರುತ್ತದೆ ಅನ್ನುವುದು ಅವಳ ಜೀವಮಾನದ ಸಿದ್ಧಾಂತ.

ಅವಳು ಸುಮ್ಮನೆ ಚೆಕಿಂಗಮ್ಮ ಆದವಳಲ್ಲ. ಕೂದಲು ಕಪ್ಪಿದ್ದಾಗ ಬಸ್ಸಿನ ಟಿಕೆಟ್ ತಪಾಸಣೆಗೆ ಸೇರಿ, ಬೆಳ್ಳಗಾದ ಮೇಲೆ ಹೊರಗೆ ಬಂದವಳು. ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಿ ಅವಳು ಹತ್ತಿದಳೆಂದರೆ ಟಿಕೆಟ್ ಇದ್ದವರೂ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಒಬ್ಬ ಗಿರಾಕಿ ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದನಂತೆ. ಇವಳು ಅವನ ಮುಂದೆ ನಿಂತು, "ಇವನ ಗೊರಕೆಗೂ ಉಸಿರಿಗೂ ತಾಳ ಕೂಡ್ತಿಲ್ಲ, ಇಳಿಸಿ," ಅಂದಳಂತೆ. ಅವನು ಕಣ್ಣು ಬಿಡದೆಯೇ ಎದ್ದು ಇಳಿದುಹೋದನಂತೆ. ಇದನ್ನು ಕಂಡಕ್ಟರುಗಳೇ ಹೇಳುತ್ತಾರೆ, ನಂಬುವುದು ಬಿಡುವುದು ಕೇಳಿದವರಿಗೆ ಬಿಟ್ಟದ್ದು.

ಇಂಥವಳ ಮನೆಗೆ, ವರ್ಷಾನುಗಟ್ಟಲೆ ಮಾತು ಬಿಟ್ಟ ತಂಗಿಯ ಮಗಳು ಒಂದು ಮಧ್ಯಾಹ್ನ ಬಂದು, ಬಾಗಿಲಲ್ಲೇ ನಿಂತು, "ದೊಡ್ಡಮ್ಮ, ನಿಮ್ಮ ಹತ್ರ ಹಳೇ ಸ್ಟುಡಿಯೋದ ಒಂದು ಸಿಡಿ ಇದೆಯಂತಲ್ಲ, ಅದು ಬೇಕಿತ್ತು," ಅಂದರೆ ಏನಾಗಬೇಕು? ಚೆಕಿಂಗಮ್ಮನ ಎದೆಯಲ್ಲಿ ಹಳೆಯ ಸೀಟಿ ಊದಿತು.

ಹುಡುಗಿ ಹೇಳಿದ ಕಾರಣವೂ ಹಾಗೆಯೇ ಇತ್ತು. ಅವಳ ಕೆಲಸ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದು. ಅದರಲ್ಲೂ ಸತ್ತುಹೋದ ಫೈಲುಗಳನ್ನು ಎಬ್ಬಿಸುವ ಪ್ರೋಗ್ರಾಮ್. ಒಂದು ಕಾಲದಲ್ಲಿ ಒಂದೊಂದು ಕಂಪನಿಯೂ ಚಿತ್ರ ತುಂಬಿಡಲು ತನ್ನದೇ ಒಂದು ರೀತಿ ಮಾಡಿಕೊಂಡಿತ್ತು. ಕಂಪನಿ ಮುಚ್ಚಿತು, ಚಿತ್ರಗಳು ಉಳಿದವು. ಈಗಿನ ಕಂಪ್ಯೂಟರಿಗೆ ಅವುಗಳ ಗುರುತೇ ಹತ್ತುವುದಿಲ್ಲ. ಆ ಕಾಲದ ಸ್ಟುಡಿಯೋಗಳು ಬಳಸುತ್ತಿದ್ದ ಒಂದು ರೀತಿಯ ಫೈಲು ಇವಳ ಕೈಗೆ ಇನ್ನೂ ಸಿಕ್ಕಿರಲಿಲ್ಲ. ಒಂದು ಅಸಲಿ ಫೈಲು ಸಿಕ್ಕರೆ ಅದನ್ನು ಬಿಚ್ಚಿ ನೋಡಿ, ಎಲ್ಲರೂ ಅಂಥವನ್ನು ತೆರೆಯುವ ಹಾಗೆ ಮಾಡಬಹುದು.

"ಇದರಿಂದ ನಿನಗೇನು ಲಾಭ?" ಎಂದು ಚೆಕಿಂಗಮ್ಮ ಕೇಳಿದ್ದಳು.

"ಏನಿಲ್ಲ. ಇದನ್ನ ಜನಕ್ಕೆ ಪುಕ್ಕಟೆ ಕೊಡ್ತೀವಿ."

ಪುಕ್ಕಟೆ! ಆ ಮಾತಿನಿಂದಲೇ ಅನುಮಾನ ಗಟ್ಟಿಯಾದದ್ದು.

ಯಾಕೆಂದರೆ ಆ ಸಿಡಿ ಸಾಮಾನ್ಯದ್ದಲ್ಲ. ಅದು ಚೆಕಿಂಗಮ್ಮನ ಸಾಕ್ಷಿ. ಅಪ್ಪ ಹಾಸಿಗೆ ಹಿಡಿಯುವ ಮುಂಚೆ ತಂಗಿಯ ಒತ್ತಾಯಕ್ಕೆ ಎಲ್ಲರೂ ಸ್ಟುಡಿಯೋಕ್ಕೆ ಹೋಗಿ ತೆಗೆಸಿದ ಒಂದೇ ಒಂದು ಫೋಟೋ ಅದರಲ್ಲಿತ್ತು. ಚೆಕಿಂಗಮ್ಮನ ಗಂಡನಿಗೆ ಆ ದಿನ ರಜೆ ಸಿಕ್ಕಿರಲಿಲ್ಲ. ಅವಳು ಡ್ಯೂಟಿಯಿಂದ ನೇರ ಓಡಿ ಬಂದಿದ್ದಳು, ಖಾಕಿಯಲ್ಲೇ. "ಅಯ್ಯೋ, ಯೂನಿಫಾರ್ಮಲ್ಲೇ ಬಂದ್ಯಾ? ಫೋಟೋ ಪೊಲೀಸ್ ಸ್ಟೇಷನ್ನಲ್ಲಿ ತೆಗೆದಂಗಿರುತ್ತೆ," ಎಂದು ತಂಗಿ ಎಲ್ಲರ ಮುಂದೆ ನಕ್ಕಿದ್ದಳು. ಫೋಟೋ ಬಂತು. ಅದರಲ್ಲಿ ಅಪ್ಪ ಕುರ್ಚಿಯಲ್ಲಿ, ಅವನ ತೊಡೆಯ ಮೇಲೆ ತಂಗಿಯ ಕೂಸು, ಪಕ್ಕದಲ್ಲಿ ಅಮ್ಮ, ಹಿಂದೆ ತಂಗಿಯ ಗಂಡ, ಈ ಕೊನೆಯಲ್ಲಿ ತಂಗಿ. ಚೆಕಿಂಗಮ್ಮ ಇಲ್ಲ! ನಿಂತಿದ್ದವಳು ಇಲ್ಲ! ಎಲ್ಲಕ್ಕಿಂತ ಉರಿದದ್ದು ಏನೆಂದರೆ, ತಂಗಿಯ ಒಂದು ಕೈ ಮೊಣಕೈವರೆಗೆ ಮಾತ್ರ ಇತ್ತು, ಉಳಿದದ್ದು ಫೋಟೋದ ಅಂಚಿನಾಚೆ ಹೋಗಿತ್ತು. ತಂಗಿ ಕ್ಯಾಮೆರಾ ನೋಡದೆ ಆ ಅಂಚಿನ ಕಡೆಗೆ ತಿರುಗಿ ನಗುತ್ತಿದ್ದಳು. ಕತ್ತರಿಸಿದವಳಿಗೆ ಮಾತ್ರ ಅಂಥ ನಗು ಬರಲು ಸಾಧ್ಯ.

ಸ್ಟುಡಿಯೋದವನು ತಂಗಿಯ ಗಂಡನ ಸ್ನೇಹಿತ. ಇನ್ನೇನು ಬೇಕು? ಚೆಕಿಂಗಮ್ಮ ತಂಗಿಯ ಮನೆಗೆ ಹೋಗಿ, ಫೋಟೋವನ್ನು ಮೇಜಿನ ಮೇಲೆ ಬಡಿದು, ಬಾಯಿಗೆ ಬಂದದ್ದೆಲ್ಲ ಅಂದು ಬಂದಳು. "ನನ್ನ ಮೇಲೇ ಅನುಮಾನ ಪಡ್ತೀಯಲ್ಲ, ಹೋಗು," ಅಂತ ತಂಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲು ಅಪ್ಪ ತೀರಿಕೊಂಡಾಗಲೂ ತೆರೆಯಲಿಲ್ಲ, ಅಮ್ಮ ತೀರಿಕೊಂಡಾಗಲೂ ತೆರೆಯಲಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಅತ್ತು, ಬೇರೆ ಬೇರೆ ರಿಕ್ಷಾ ಹತ್ತಿ ಹೋಗಿದ್ದರು.

ಫೋಟೋದ ಜೊತೆಗೆ ಸ್ಟುಡಿಯೋದವನು ಕೊಟ್ಟಿದ್ದ ಸಿಡಿಯೊಳಗೆ ಕತ್ತರಿಸುವ ಮುಂಚಿನ ಚಿತ್ರ ಇದ್ದೇ ಇರುತ್ತದೆ ಎಂದು ಚೆಕಿಂಗಮ್ಮ ನಂಬಿಕೊಂಡಿದ್ದಳು. ಕಂಪ್ಯೂಟರ್ ಅಂಗಡಿಗಳಿಗೆಲ್ಲ ಅಲೆದಳು. ಎಲ್ಲ ಕಡೆ ಒಂದೇ ಉತ್ತರ: "ಫೈಲ್ ಇದೆ ಅಮ್ಮ, ಆದ್ರೆ ತೆರೆಯಲ್ಲ." ಕಡೆಗೆ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಈಗ ಆರೋಪಿಯ ಮಗಳೇ ಬಂದು ಸಾಕ್ಷಿ ಕೊಡಿ ಅನ್ನುತ್ತಿದ್ದಾಳೆ.

"ಕೊಡಲ್ಲ," ಅಂದಿದ್ದಳು ಚೆಕಿಂಗಮ್ಮ. "ಬೇಕಾದ್ರೆ ಇಲ್ಲೇ ಕೂತು ಮಾಡು. ನನ್ನ ಕಣ್ಣೆದುರಿಗೆ."

"ಆಯ್ತು ದೊಡ್ಡಮ್ಮ," ಅಂದಿದ್ದಳು ಹುಡುಗಿ. ಅಷ್ಟು ಬೇಗ ಒಪ್ಪಿದ್ದೂ ಅನುಮಾನಕ್ಕೆ ಕಾರಣವೇ.

ಹೀಗೆ ಮುಂದಿನ ಕೋಣೆಯ ಮೇಜು ಹುಡುಗಿಯ ಕಾರ್ಖಾನೆಯಾಯಿತು. ದಿನಾ ಊಟದ ಹೊತ್ತು ಕಳೆದ ಮೇಲೆ ಬರುವಳು, ಸಂಜೆಗೆ ಹೋಗುವಳು. ಪರದೆಯ ಮೇಲೆ ಸಾಲುಸಾಲು ಅಂಕೆಗಳು. ಚೆಕಿಂಗಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಒಂದು ಅಂಕೆಯೂ ತಪ್ಪಿಸಿಕೊಂಡು ಹೋಗದ ಹಾಗೆ ಕಾಯುತ್ತಿದ್ದಳು.

ಅವಳ ಯಜಮಾನರು ಮಾತ್ರ ಆ ಕೋಣೆಗೆ ಸರಿಯಾಗಿ ಕಾಲಿಡಲಿಲ್ಲ. ಅವರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವರು. ಊರಿನವರ ಮಾತನ್ನೆಲ್ಲ ಜೀವನವಿಡೀ ಕೈಯಲ್ಲಿ ಹಿಡಿದೂ ಒಂದು ಮಾತು ಆಡದ ಮನುಷ್ಯ. ಹೆಸರಿಗೆ ಯಜಮಾನರು. ಮನೆಯಲ್ಲಿ ಯಾವ ಕಿಟಕಿ ತೆರೆಯಬೇಕು ಎಂಬುದೂ ಹೆಂಡತಿಯ ಅಪ್ಪಣೆ. ಆದರೆ ಈ ದಿನಗಳಲ್ಲಿ ಅವರಿಗೆ ಇದ್ದಕ್ಕಿದ್ದಂತೆ ನಾಲಗೆ ಬಂದಿತ್ತು.

"ಯಾಕಮ್ಮ ಇದೆಲ್ಲ," ಎಂದು ಬಾಗಿಲ ಹೊರಗಿನಿಂದಲೇ ಅನ್ನುವರು. "ಹಳೇದನ್ನ ಕೆದಕಿದ್ರೆ ಬರೋದು ಧೂಳೇ."

"ಧೂಳು ಬಂದ್ರೆ ಒರೆಸ್ತೀನಿ, ನೀವು ಒಳಗೆ ಹೋಗಿ," ಅನ್ನುವಳು ಚೆಕಿಂಗಮ್ಮ.

"ಮಗು ಕಣ್ಣು ಹಾಳಾಗುತ್ತೆ ಅಂತ ಹೇಳ್ದೆ."

"ಅವಳ ಕಣ್ಣು ಅವಳಮ್ಮನಿಂದ ಬಂದಿದ್ದು. ಅಷ್ಟು ಸುಲಭಕ್ಕೆ ಹಾಳಾಗಲ್ಲ."

ಮೊದಲ ಸಲ ಏನೋ ಮೂಡಿದಾಗ ಅದು ಚಿತ್ರವೇ ಆಗಿರಲಿಲ್ಲ. ಒಣಹಾಕಿದ ಪಟ್ಟೆ ಸೀರೆಯನ್ನು ಗಾಳಿ ಎಳೆದುಕೊಂಡು ಹೋದ ಹಾಗೆ ಎಲ್ಲ ಓರೆ ಓರೆ. "ಅಗಲ ಒಂದು ಚುಕ್ಕಿ ತಪ್ಪಿದೆ ದೊಡ್ಡಮ್ಮ," ಅಂದಳು ಹುಡುಗಿ. "ಪ್ರತಿ ಸಾಲೂ ಒಂದೊಂದು ಚುಕ್ಕಿ ಜಾರ್ತಾ ಹೋಗಿದೆ. ಮೊದಲ ಗುಂಡಿ ತಪ್ಪು ತೂತಿಗೆ ಹಾಕಿದ್ರೆ ಶರಟು ಪೂರ್ತಿ ಸೊಟ್ಟ ಆಗುತ್ತಲ್ಲ, ಹಂಗೆ."

ಗುಂಡಿ ಸರಿಮಾಡಿದಳು. ಚಿತ್ರ ನೆಟ್ಟಗಾಯಿತು. ಮೇಲಿನಿಂದ ಕೆಳಕ್ಕೆ ಒಬ್ಬೊಬ್ಬರೇ ಇಳಿದು ಬಂದರು. ಚೆಕಿಂಗಮ್ಮ ಕುರ್ಚಿಯಿಂದ ಅರ್ಧ ಎದ್ದವಳು ಹಾಗೆಯೇ ನಿಂತಳು.

"ಇದೇನೇ ಇದು! ಅಪ್ಪನ ಮುಖ ನೀಲಿ!"

ಅಪ್ಪ ನೀಲಿ, ಅಮ್ಮ ನೀಲಿ, ಕೂಸು ನೀಲಿ. ಸ್ಟುಡಿಯೋದ ನೀಲಿ ಪರದೆ ಮಾತ್ರ ಕಿತ್ತಳೆ ಬಣ್ಣಕ್ಕೆ ತಿರುಗಿ ಧಗಧಗ ಉರಿಯುತ್ತಿತ್ತು.

"ತಮಾಷೆ ಮಾಡ್ತೀಯಾ? ಸತ್ತವರ ಮುಖಕ್ಕೆ ಬಣ್ಣ ಬಳೀತೀಯಾ?"

"ಇಲ್ಲ ದೊಡ್ಡಮ್ಮ, ಆ ಕಂಪನಿಯವರು ಕೆಂಪು ಇರೋ ಜಾಗದಲ್ಲಿ ನೀಲಿ, ನೀಲಿ ಜಾಗದಲ್ಲಿ ಕೆಂಪು ಬರೆದಿಟ್ಟಿದ್ದಾರೆ. ಅದಲುಬದಲು ಮಾಡಿದ್ರೆ ಸರಿಹೋಗುತ್ತೆ. ನೋಡಿ."

ಸರಿಹೋಯಿತು. ಅಪ್ಪನ ಮುಖಕ್ಕೆ ರಕ್ತ ಹರಿದು ಬಂದಿತು. ಗಲ್ಲದ ಮೇಲೆ ಆ ದಿನ ಕ್ಷೌರದ ಬ್ಲೇಡು ತಾಗಿದ್ದ ಗೆರೆಯೂ ಕಾಣುತ್ತಿತ್ತು. ಅಪ್ಪನ ನೆನಪಿಗೆಂದು ಗೋಡೆಗೆ ಹಾಕಿದ್ದ ಆ ಫೋಟೋದಲ್ಲಿ ಅದು ಎಂದೋ ಮಾಸಿಹೋಗಿತ್ತು. ಚೆಕಿಂಗಮ್ಮ ಒಂದು ಗಳಿಗೆ ತಪಾಸಣೆ ಮರೆತಳು. ಆಮೇಲೆ ಕಣ್ಣು ಅಂಚಿಗೆ ಹೋಯಿತು.

ತಂಗಿ. ಮೊಣಕೈ. ಅಲ್ಲಿಗೆ ಮುಗಿಯಿತು. ಸಿಡಿಯೊಳಗೂ ಅವಳಿಲ್ಲ.

"ನಾನೆಲ್ಲಿ?"

ಹುಡುಗಿ ಚಿತ್ರವನ್ನು ಅಂಚಿನವರೆಗೆ ಸರಿಸಿ ನೋಡಿದಳು.

"ನಾನೆಲ್ಲಿ ಅಂತ ಕೇಳ್ದೆ. ಇಷ್ಟು ದಿನ ಕೂತು ಇದನ್ನೇನಾ ಮಾಡಿದ್ದು? ನಿಮ್ಮಮ್ಮ ಅಲ್ಲಿ ಒಂದ್ಸಲ ತೆಗೆಸಿದ್ಲು, ನೀನು ಇಲ್ಲಿ ಇನ್ನೊಂದ್ಸಲ ತೆಗೆದ್ಯಾ?"

"ನಿಮ್ಮ ಕಣ್ಣೆದುರಿಗೇ ಮಾಡಿದ್ದಲ್ವಾ ದೊಡ್ಡಮ್ಮ?"

"ಕಣ್ಣೆದುರಿಗೇ ಜೇಬು ಕತ್ತರಿಸಿದವರನ್ನ ನೋಡಿದ್ದೀನಿ ನಾನು."

ಹುಡುಗಿಯ ಮುಖ ಕೆಂಪಾಯಿತು. ಅವಳೂ ಆ ಮನೆತನದವಳೇ. ಲ್ಯಾಪ್‌ಟಾಪನ್ನು ಫಟ್ಟನೆ ಮುಚ್ಚಿದಳು. "ಅಮ್ಮ ಏನಂದ್ಕೊಂಡಿದ್ದಾಳೆ ಗೊತ್ತಾ ನಿಮಗೆ? ನಮ್ಮ ಜೊತೆ ನಿಲ್ಲೋಕೆ ಇಷ್ಟ ಇಲ್ದೆ ನೀವೇ ಹೇಳಿ ನಿಮ್ಮನ್ನ ತೆಗೆಸಿಕೊಂಡ್ರಿ ಅಂತ. ಆಮೇಲೆ ಬಂದು ಅವಳ ಮೇಲೇ ಹಾಕಿದ್ರಿ ಅಂತ."

"ನಾನಾ?"

"ನೀವೇ."

ಚೆಕಿಂಗಮ್ಮನಿಗೆ ಇಷ್ಟು ವರ್ಷದಲ್ಲಿ ಯಾರೂ ಹೀಗೆ ತಿರುಗಿ ಕೇಳಿರಲಿಲ್ಲ. ಬಾಗಿಲ ಹೊರಗೆ ಯಜಮಾನರ ಕೈಯಲ್ಲಿದ್ದ ಟೀ ಲೋಟಗಳು ತಟ್ಟೆಯ ಮೇಲೆ ಸಣ್ಣಗೆ ಕಟಕಟ ಅಂದವು.

ಮಾರನೆಯ ದಿನ ಹುಡುಗಿ ಬರುವುದಿಲ್ಲ ಎಂದೇ ಚೆಕಿಂಗಮ್ಮ ಎಣಿಸಿದ್ದಳು. ಬಂದರೆ ನಿರ್ದೋಷಿ, ಬಾರದಿದ್ದರೆ ಕಳ್ಳಿ ಎಂದು ಮನಸ್ಸಿನಲ್ಲೇ ತೀರ್ಪು ಬರೆದಿಟ್ಟಿದ್ದಳು. ಹುಡುಗಿ ಬಂದಳು. ತೀರ್ಪು ತಿದ್ದಬೇಕಾಯಿತು: ಬಂದದ್ದು ಇನ್ನೂ ದೊಡ್ಡ ಕಳ್ಳತನಕ್ಕಿರಬಹುದು.

"ದೊಡ್ಡಮ್ಮ, ಒಂದು ವಿಷಯ ನಿನ್ನೆ ಸಿಟ್ಟಲ್ಲಿ ನೋಡಿರಲಿಲ್ಲ," ಅಂದಳು ಚಪ್ಪಲಿ ಬಿಡುತ್ತಲೇ. "ಚಿತ್ರ ಮುಗಿದ ಮೇಲೂ ಫೈಲು ಮುಗಿದಿಲ್ಲ. ಕೊನೇಲಿ ಇನ್ನೂ ಏನೋ ಉಳಿದಿದೆ."

"ಅಂದ್ರೆ?"

"ಅಂದ್ರೆ ಒಳಗೆ ಇನ್ನೇನೋ ಇದೆ. ದೊಡ್ಡ ಚಿತ್ರಕ್ಕೆ ಸೇರಿದ್ದಲ್ಲ."

"ಟಿಕೆಟ್ ಇಲ್ದೆ ಯಾರೋ ಹಿಂದಿನ ಸೀಟಲ್ಲಿ ಕೂತಿದ್ದಾರೆ ಅನ್ನು."

"ಹೂಂ, ಹಾಗೇ ಅಂದ್ಕೊಳ್ಳಿ."

"ಇಳಿಸು ಹಾಗಾದ್ರೆ," ಎಂದು ಚೆಕಿಂಗಮ್ಮ ಕುರ್ಚಿ ಎಳೆದುಕೊಂಡಳು.

ಹುಡುಗಿ ಬೆರಳಾಡಿಸತೊಡಗಿದಳು. ಒಳಗಿನ ಕೋಣೆಯಲ್ಲಿ ಯಜಮಾನರು ಅತ್ತಿಂದಿತ್ತ ನಡೆದಾಡುವ ಸದ್ದು ಕೇಳುತ್ತಿತ್ತು. ಒಮ್ಮೆ ಬಂದು, "ಟೀ ಮಾಡ್ಲಾ?" ಅಂದರು. ಮಾಡಿದ ಟೀ ಮೇಜಿನ ಮೇಲೇ ಇತ್ತು. ಇನ್ನೊಮ್ಮೆ ಬಂದು, "ಮಗುವಿನ ಬಸ್ಸು ತಪ್ಪುತ್ತೇನೋ," ಅಂದರು. ಆಗ ಮಧ್ಯಾಹ್ನದ ಬಿಸಿಲು ಇನ್ನೂ ಮೆಟ್ಟಿಲಿಂದ ಇಳಿದಿರಲಿಲ್ಲ.

"ಸಿಕ್ತು ದೊಡ್ಡಮ್ಮ," ಅಂದಳು ಹುಡುಗಿ. "ಇದೂ ಒಂದು ಚಿತ್ರವೇ. ತುಂಬ ಚಿಕ್ಕದು. ಈಗ..."

ಅಷ್ಟರಲ್ಲಿ ಮನೆಯ ಕರೆಂಟು ಹೋಯಿತು. ಫ್ಯಾನು ನಿಂತಿತು, ಅಡುಗೆಮನೆಯಲ್ಲಿ ಫ್ರಿಜ್ಜು ಒಂದು ದೊಡ್ಡ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಹುಡುಗಿ ಮಾತ್ರ ಏನೂ ಆಗದವಳಂತೆ ಕೀಲಿ ಒತ್ತುತ್ತಿದ್ದಳು. ಪರದೆ ಬೆಳಗುತ್ತಲೇ ಇತ್ತು.

"ಕರೆಂಟ್ ಹೋಯ್ತಲ್ಲಮ್ಮ," ಎಂದು ಒಳಗಿನಿಂದ ಯಜಮಾನರ ದನಿ ಬಂತು. ಆ ದನಿಯಲ್ಲಿ ಒಂದು ನೆಮ್ಮದಿ ಇತ್ತು. "ಛೆ, ಇವತ್ತಿಗೆ ಇಷ್ಟೇ. ಎತ್ತಿಡಮ್ಮ."

"ಇದಕ್ಕೆ ಬ್ಯಾಟರಿ ಇರುತ್ತೆ ದೊಡ್ಡಪ್ಪ," ಅಂದಳು ಹುಡುಗಿ.

ಒಳಗೆ ಮಂಚ ಕಿರ್ರೆಂದಿತು.

ಚೆಕಿಂಗಮ್ಮ ಕಿಟಕಿಯತ್ತ ನೋಡಿದಳು. ಎದುರು ಮನೆಯ ಜಗಲಿಯಲ್ಲಿ ಫ್ಯಾನು ತಿರುಗುತ್ತಿತ್ತು. ಪಕ್ಕದ ಮನೆಯ ಟಿವಿ ಯಾರನ್ನೋ ಬೈಯುತ್ತಿತ್ತು. ಅವಳು ಎದ್ದು ನಡುಮನೆಗೆ ಹೋಗಿ ಮೀಟರಿನ ಡಬ್ಬಿಯ ಮುಂದೆ ನಿಂತಳು. ಫ್ಯೂಸು ಸುಟ್ಟಿರಲಿಲ್ಲ. ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಯಾರೋ ಕೆಳಗೆ ಎಳೆದಿದ್ದರು. ಅದರ ಮೇಲಿನ ಧೂಳಿನಲ್ಲಿ ಬೆರಳಿನ ಗುರುತು ಹಸಿಯಾಗಿತ್ತು.

ಬಸ್ಸಿನಲ್ಲಿ ಎಷ್ಟು ಜನ, ಎಷ್ಟು ಟಿಕೆಟ್ ಎಂದು ತಾಳೆ ಹಾಕುವುದು ಅವಳಿಗೆ ನಿದ್ದೆಯಲ್ಲೂ ಬರುವ ಲೆಕ್ಕ. ಮನೆಯಲ್ಲಿದ್ದವರೇ ಮೂವರು. ಹುಡುಗಿ ತನ್ನ ಪಕ್ಕದಲ್ಲೇ ಕೂತಿದ್ದಳು. ತಾನು ಹುಡುಗಿಯ ಪಕ್ಕದಲ್ಲಿ ಕೂತಿದ್ದಳು. ಲೆಕ್ಕ ಅಲ್ಲಿಗೆ ಮುಗಿಯಬೇಕಿತ್ತು. ಅವಳು ಮುಗಿಸಲಿಲ್ಲ. ಇಲಿಯಿರಬಹುದು ಅಂದುಕೊಂಡಳು. ಮೇನ್ ಸ್ವಿಚ್ ಎಳೆಯುವಷ್ಟು ಗಟ್ಟಿಮುಟ್ಟಾದ ಇಲಿ! ಜೀವಮಾನದಲ್ಲಿ ಒಂದು ನೆಪವನ್ನೂ ನಂಬದಿದ್ದವಳು ಆ ಇಲಿಯನ್ನು ಒಂದು ಗಳಿಗೆ ನಂಬಿದಳು. ಹಿಡಿಕೆ ಮೇಲೆತ್ತಿದಳು. ಫ್ರಿಜ್ಜು ಎಚ್ಚರವಾಯಿತು.

ಹಿಂದಿರುಗಿದಾಗ ಹುಡುಗಿ ಪರದೆಯನ್ನು ತನ್ನ ಕಡೆಗೆ ವಾಲಿಸಿಕೊಂಡಿದ್ದಳು. ಅವಳ ಒಂದು ಕೈ ಬಾಯಿಯ ಮೇಲಿತ್ತು.

"ತಿರುಗಿಸು," ಅಂದಳು ಚೆಕಿಂಗಮ್ಮ.

"ದೊಡ್ಡಮ್ಮ, ಮೊದಲು ನಾನು..."

"ತಿರುಗಿಸು ಅಂದೆ."

ಪರದೆಯ ನಡುವೆ ಅಂಚೆಚೀಟಿಯಷ್ಟು ಅಗಲದ ಒಂದು ಚಿತ್ರ. ಅದರಲ್ಲಿ ಅಪ್ಪ, ಕೂಸು, ಅಮ್ಮ, ತಂಗಿಯ ಗಂಡ, ತಂಗಿ. ತಂಗಿಯ ಪಕ್ಕದಲ್ಲಿ ಖಾಕಿ.

"ಆ ಕಾಲದಲ್ಲಿ ಕಂಪ್ಯೂಟರ್ ತುಂಬ ನಿಧಾನ," ಎಂದು ಹುಡುಗಿ ಮೆತ್ತಗೆ ಹೇಳತೊಡಗಿದಳು. "ದೊಡ್ಡ ಚಿತ್ರ ತೆರೆಯೋಷ್ಟರಲ್ಲಿ ಗಿರಾಕಿ ಎದ್ದು ಹೋಗ್ಬಿಡ್ತಿದ್ದ. ಅದಕ್ಕೆ ಗುರುತಿಗೆ ಇರ್ಲಿ ಅಂತ ಪ್ರತಿ ಚಿತ್ರದ ಬಾಲಕ್ಕೂ ಅದರದೇ ಒಂದು ಚಿಕ್ಕ ಚಿತ್ರ ಕಟ್ಟಿಡ್ತಿದ್ರು. ಸ್ಟುಡಿಯೋದವರು ಆಮೇಲೆ ದೊಡ್ಡದನ್ನ ಕತ್ತರಿಸಿದ್ದಾರೆ. ಚಿಕ್ಕದನ್ನ ಹೊಸದಾಗಿ ಮಾಡ್ಬೇಕು ಅಂತ ಆ ಪ್ರೋಗ್ರಾಮ್ ಬರೆದವನಿಗೆ ಹೊಳೆದೇ ಇಲ್ಲ. ಹಳೇದು ಹಾಗೇ ಉಳ್ಕೊಂಡಿದೆ."

ಚೆಕಿಂಗಮ್ಮನಿಗೆ ಅದೊಂದೂ ಕಿವಿಗೆ ಬೀಳಲಿಲ್ಲ. "ದೊಡ್ಡದು ಮಾಡು," ಅಂದಳು.

ಹುಡುಗಿ ಪರದೆಯ ತುಂಬ ಹಿಗ್ಗಿಸಿದಳು. ಚಿತ್ರ ಚೌಕಚೌಕವಾಯಿತು, ಆದರೂ ತಿಳಿಯುವಷ್ಟು ತಿಳಿಯುತ್ತಿತ್ತು. ಅಂಚಿನಲ್ಲಿದ್ದ ಖಾಕಿಯ ಹೆಂಗಸು ಒಂದು ಕೈಯನ್ನು ಬಸ್ಸು ನಿಲ್ಲಿಸುವವಳ ಹಾಗೆ ಮುಂದೆ ಚಾಚಿದ್ದಳು. ಬಾಯಿ ಇಷ್ಟಗಲ ತೆರೆದಿತ್ತು. ಕಣ್ಣು ಮುಚ್ಚಿತ್ತು. ಟೋಪಿ ಒಂದು ಕಿವಿಯ ಮೇಲೆ ಜಾರಿತ್ತು. ತಂಗಿ ತನ್ನ ಕೈಯನ್ನು ಅವಳ ಸೊಂಟದ ಸುತ್ತ ಹಾಕಿ, ಎಲ್ಲಿ ಅಕ್ಕ ಕ್ಯಾಮೆರಾದವನ ಮೇಲೆ ಏರಿ ಹೋಗುತ್ತಾಳೋ ಎಂದು ಹಿಡಿದೆಳೆಯುತ್ತ, ಅವಳ ಮುಖವನ್ನೇ ನೋಡಿ ಹೊಟ್ಟೆ ತುಂಬ ನಗುತ್ತಿದ್ದಳು.

"ನೀವೇನು ಮಾಡ್ತಿದ್ರಿ ದೊಡ್ಡಮ್ಮ ಆಗ?"

ಚೆಕಿಂಗಮ್ಮನಿಗೆ ಸ್ಟುಡಿಯೋದ ಬಿಸಿ ದೀಪಗಳು, ಪೌಡರಿನ ವಾಸನೆ, ಕಪ್ಪು ಬಟ್ಟೆಯ ಪಕ್ಕ ನಿಂತಿದ್ದ ಆ ಸಣಕಲು ಮನುಷ್ಯ ಎಲ್ಲ ಒಟ್ಟಿಗೆ ನೆನಪಾಯಿತು.

"ಕ್ಯಾಮೆರಾದಲ್ಲಿ ರೀಲು ಇದೆಯಾ ಇಲ್ವಾ ತೆಗೆದು ತೋರಿಸು ಅಂತಿದ್ದೆ," ಅಂದಳು.

ಹುಡುಗಿಗೆ ನಗು ತಡೆಯಲಾಗಲಿಲ್ಲ. ಚೆಕಿಂಗಮ್ಮ ನಗಲಿಲ್ಲ. ತಂಗಿಯ ಕೈಯನ್ನೇ ನೋಡುತ್ತಿದ್ದಳು. ತನ್ನ ಮುಖ ಹೀಗಿತ್ತು ಎಂದು ತಂಗಿಗೆ ಗೊತ್ತಿತ್ತು. ನಗುತ್ತ ಹಿಡಿದುಕೊಂಡವಳು ಮನೆಗೆ ಹೋಗಿ ಕತ್ತರಿಸಲು ಹೇಳುತ್ತಾಳೆಯೇ? ಹೇಳುವುದಾದರೂ ಯಾವಾಗ? ಅಪ್ಪನಿಗೆ ಮಾರನೆಯ ದಿನವೇ ಜ್ವರ ಏರಿತ್ತು. ತಂಗಿ ಬಟ್ಟೆ ಬದಲಿಸಲು ಮನೆಗೆ ಬಂದು ಹೋಗುವುದು ಬಿಟ್ಟರೆ ಆಸ್ಪತ್ರೆಯಿಂದ ಕದಲಿರಲಿಲ್ಲ. ತಾನು ಡ್ಯೂಟಿ ಬಿಟ್ಟು ಕದಲಿರಲಿಲ್ಲ. ಹಾಗಾದರೆ ಸ್ಟುಡಿಯೋಕ್ಕೆ ಹೋಗಿ ಫೋಟೋ ತಂದವರು ಯಾರು?

ಈ ಪ್ರಶ್ನೆಯನ್ನು ಅವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅವಳು ತಿರುಗಿ ನೋಡಿದಳು. ಯಜಮಾನರು ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದರು. ಬಲಗೈಯ ತೋರುಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. ಎಷ್ಟು ಒರೆಸಿದರೂ ಧೂಳು ಹೋಗಿರಲಿಲ್ಲ.

"ರೀ," ಅಂದಳು.

"ಹೇಳೋಣ ಅಂತಿದ್ದೆ," ಅಂದರು ಅವರು.

"ಯಾವಾಗ?"

"ಆವತ್ತೇ." ಅವರು ಬೆರಳನ್ನು ಪಂಚೆಯ ಮಡಿಕೆಯಲ್ಲಿ ಅಡಗಿಸಿದರು. "ಫೋಟೋ ಈಸ್ಕೊಳ್ಳೋಕೆ ಹೋದೆ. ಅವನು ತೋರಿಸ್ದ. ನಿನ್ನ ಬಾಯಿ ಹಾಗೆ, ಕಣ್ಣು ಹಾಗೆ. ನೀನು ನೋಡಿದ್ರೆ ಅವನ ಅಂಗಡಿ ಉಳಿಯುತ್ತಾ? ನಿಮ್ಮಪ್ಪ ಆಸ್ಪತ್ರೇಲಿದ್ರು, ಇನ್ನೊಂದ್ಸಲ ಕೂರಿಸಿ ತೆಗೆಸೋ ಹಾಗಿರಲಿಲ್ಲ. ಅವನೇ ಅಂದ, ಅಂಚಲ್ಲಿರೋರೊಬ್ಬರನ್ನ ತೆಗೆದ್ರೆ ಚಿತ್ರ ಲಕ್ಷಣವಾಗಿರುತ್ತೆ ಸ್ವಾಮಿ, ಅಂತ. ನಾನು ಹೂಂ ಅಂದೆ."

"ಹೂಂ ಅಂದ್ರಾ?"

"ಅಷ್ಟೇ ಅಂದಿದ್ದು. ಮನೆಗೆ ಬಂದು ನಿಧಾನವಾಗಿ ತಿಳಿಸಿ ಹೇಳೋಣ ಅಂತ. ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ನೀನು ಕವರು ಕಿತ್ಕೊಂಡು ನೋಡಿ, ಇದು ಅವಳದೇ ಕೆಲಸ ಅಂದೆ. ನಾನು ಬಾಯಿ ತೆಗೆದೆ. ನೀನು ಮಾತಾಡ್ತಾ ಇದ್ದೆ. ಮಾತಾಡ್ತಾನೇ ಹೊರಟುಹೋದೆ. ವಾಪಸ್ ಬರೋಷ್ಟರಲ್ಲಿ ಆ ಬಾಗಿಲು ಹಾಕ್ಕೊಂಡಿತ್ತು." ಅವರು ನೆಲ ನೋಡಿದರು. "ನಾಳೆ ಹೇಳೋಣ ಅಂದ್ಕೊಂಡೆ. ಆ ನಾಳೆ ದಿನಾ ಬಂತು ಕಣೇ."

ಈಗ ಆಕಾಶವೇ ಬೀಳುತ್ತದೆ ಎಂದು ಹುಡುಗಿ ಕಾಯುತ್ತಿದ್ದಳು. ಯಜಮಾನರೂ ಅದಕ್ಕೇ ಕಾಯುತ್ತಿದ್ದರು, ಹೆಗಲು ಕುಗ್ಗಿಸಿಕೊಂಡು, ಇಷ್ಟು ವರ್ಷದಿಂದ ಕಾದಿದ್ದ ಹಾಗೆಯೇ.

ಚೆಕಿಂಗಮ್ಮ ಬೈಯಲಿಲ್ಲ. ಬೈಗುಳಗಳೆಲ್ಲ ಗಂಟಲವರೆಗೆ ಬಂದು, ಇಳಿಯುವ ನಿಲ್ದಾಣ ಯಾವುದೆಂದು ತಿಳಿಯದೆ ನಿಂತುಬಿಟ್ಟವು. ಅವಳು ಮತ್ತೆ ಪರದೆಗೆ ಬಾಗಿದಳು. ತಂಗಿಯ ಮುಖವನ್ನು ಸರಿಯಾಗಿ ನೋಡಬೇಕಿತ್ತು. ಹತ್ತಿರ ಹೋದಳು, ಮುಖ ನಾಲ್ಕಾರು ಚೌಕಗಳಾಯಿತು. ಇನ್ನೂ ಹತ್ತಿರ ಹೋದಳು, ಮೂಗೂ ಇಲ್ಲ, ನಗುವೂ ಇಲ್ಲ, ಬರೀ ಕಂದು ತೇಪೆಗಳು.

"ಇದೇನೇ, ಮಾಯವಾಗ್ತಾಳೆ?"

"ಅದರಲ್ಲಿ ಇರೋದೇ ಅಷ್ಟು ಚುಕ್ಕಿ ದೊಡ್ಡಮ್ಮ. ಹತ್ತಿರದಿಂದ ಒಡೆದುಹೋಗುತ್ತೆ. ಸ್ವಲ್ಪ ಹಿಂದೆ ಸರಿದು ನೋಡಿ, ಕೂಡ್ಕೊಳ್ಳುತ್ತೆ."

ಅವಳು ಹಿಂದೆ ಸರಿದಳು. ಚೌಕಗಳ ಅಂಚು ಕರಗಿತು. ಇನ್ನಷ್ಟು ಸರಿದಳು. ತಂಗಿಯ ಕೆನ್ನೆ ಕೆನ್ನೆಯಾಯಿತು. ಬೆನ್ನಿಗೆ ಗೋಡೆ ತಾಗಿತು.

"ಸಾಲಲ್ಲ," ಅಂದಳು. "ರೀ, ಅದನ್ನ ಎತ್ಕೊಂಡು ಬಾಗಿಲಿಗೆ ಬನ್ನಿ."

"ನಾನಾ?"

"ಇನ್ಯಾರು, ಇಲಿ ಬರುತ್ತಾ?"

ಯಜಮಾನರು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊಸಿಲ ಒಳಗೆ ನಿಂತರು. ಚೆಕಿಂಗಮ್ಮ ಬರಿಗಾಲಲ್ಲೇ ಮೆಟ್ಟಿಲಿಳಿದಳು, ಅವರಿಗೆ ಮುಖ ಮಾಡಿಕೊಂಡೇ, ಹಿಂದುಹಿಂದಕ್ಕೆ. ಹೊತ್ತು ಇಳಿದಿತ್ತು. ಒಳಗೆ ಮಬ್ಬು ತುಂಬಿ ಪರದೆಯೊಂದೇ ಬೆಳಗುತ್ತಿತ್ತು. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ, ಅವಳ ಗುರುತು ಹತ್ತಿದ ಕೂಡಲೇ ಇಳಿದು ತಳ್ಳಿಕೊಂಡು ಹೋದ. ಅವಳು ಬೀದಿ ದಾಟಿ ಎದುರು ಮನೆಯ ಕಾಂಪೌಂಡಿನವರೆಗೆ ಹೋಗಿ ನಿಂತಳು.

"ಕಾಣುತ್ತಾ?" ಎಂದು ಯಜಮಾನರು ಕೂಗಿದರು. ಪರದೆ ಅವರ ಕೈಯಲ್ಲಿ ಅತ್ತಿತ್ತ ವಾಲುತ್ತಿತ್ತು.

"ಅಲ್ಲಾಡಿಸ್ಬೇಡಿ. ಸ್ವಲ್ಪ ಮೇಲೆ. ಹಾಂ, ಅಲ್ಲೇ ಹಿಡ್ಕೊಂಡಿರಿ."

ಹುಡುಗಿ ಮೆಟ್ಟಿಲ ಮೇಲೆ ಬಂದು ನಿಂತಳು. "ದೊಡ್ಡಮ್ಮ, ಅಮ್ಮನಿಗೆ ಕಳಿಸ್ಲಾ ಇದನ್ನ?"

ಚೆಕಿಂಗಮ್ಮ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು:

"ಅವಳ ಮನೇಲಿ ಇಷ್ಟು ದೂರ ನಿಂತು ನೋಡೋಕೆ ಜಾಗ ಇದೆಯಾ?"

"ಇಲ್ಲ ದೊಡ್ಡಮ್ಮ. ಎರಡೇ ಕೋಣೆ."

ಬೀದಿಯ ಎರಡೂ ಬದಿಯಲ್ಲಿ ಒಂದೊಂದಾಗಿ ದೀಪ ಹತ್ತಿಕೊಳ್ಳುತ್ತಿದ್ದವು. ಚೆಕಿಂಗಮ್ಮ ಗೋಡೆಗೆ ಬೆನ್ನೊತ್ತಿ ನಿಂತವಳು ಒಂದಿಷ್ಟು ಪಕ್ಕಕ್ಕೆ ಸರಿದಳು. ಅವಳ ಬದಿಯಲ್ಲಿ ಇನ್ನೊಬ್ಬರು ನಿಲ್ಲುವಷ್ಟು ಗೋಡೆ ಖಾಲಿಯಾಯಿತು.